ನಕ್ಕರೆ ಒಂದು ಮೆಟ್ಟಿಲು ಕೆಳಗೆ

ಇದು ಅಪ್ಪಟ ನಿಜವಾದ ಕಥೆ. ಇನ್ನೂ ನಡೆದಿಲ್ಲ ಎನ್ನುವುದೊಂದೇ ಇದರ ಕೊರತೆ. ನಡೆದುಹೋದದ್ದನ್ನು ಯಾರು ಬೇಕಾದರೂ ಹೇಳಬಹುದು. ನಡೆಯುವ ಮೊದಲೇ ಹೇಳಿ ಕೂತು, ನಡೆದ ಮೇಲೆ ಮೀಸೆ ತಿರುವುವ ಸುಖವೇ ಬೇರೆ. ಊರು ಗದಗು. ಆಸ್ಪತ್ರೆಯ ಹೆಸರು ಕೇಳಬೇಡಿ, ಅದನ್ನಿನ್ನೂ ಕಟ್ಟಿಲ್ಲ. ಕಾಲ ಯಾವುದೆಂದರೆ, ನಿಮ್ಮ ಮೊಮ್ಮಗಳು ನಿಮ್ಮ ಹಳೇ ಮೊಬೈಲನ್ನು ಅಟ್ಟದಿಂದ ಇಳಿಸಿ ‘ಇದರ ಮ್ಯಾಲೆ ಮಸಾಲಿ ಅರೀತಿದ್ರೇನು?’ ಎಂದು ಕೇಳುವ ಕಾಲ.

ಆ ಕಾಲಕ್ಕೆ ಡಾಕ್ಟರುಗಳು ಕೆಟ್ಟ ಸುದ್ದಿ ಹೇಳುವುದನ್ನು ಕಾನೂನೇ ನಿಲ್ಲಿಸಿಬಿಟ್ಟಿತ್ತು. ಒಬ್ಬ ಡಾಕ್ಟರು ಹೇಳಿದ್ದು ಹೆಚ್ಚಾಯಿತೆಂದು ನೆಂಟರು ಕಿಟಕಿ ಒಡೆದಿದ್ದರು. ಇನ್ನೊಬ್ಬರು ಹೇಳಿದ್ದು ಕಡಿಮೆಯಾಯಿತೆಂದು ತಲೆಯನ್ನೇ ಒಡೆದಿದ್ದರು. ಮನೆಯವರಂತೂ ಮೊದಲಿನಿಂದಲೂ ಡಾಕ್ಟರನ್ನು ಬಾಗಿಲ ಮರೆಗೆ ಕರೆದು ‘ಪೇಶಂಟಿಗೆ ಹೇಳಬ್ಯಾಡ್ರಿ, ನಮಗಷ್ಟ ಹೇಳ್ರಿ’ ಎಂದು ಕೈಮುಗಿಯುವವರು. ಈ ಎಲ್ಲ ರಗಳೆಗೂ ಮದ್ದಾಗಿ ಬಂದದ್ದು ಮೆಲುದನಿ.

ಮೆಲುದನಿ ಎಂದರೆ ರೊಟ್ಟಿ ಹಂಚಿನಷ್ಟು ಅಗಲದ ಒಂದು ಯಂತ್ರ. ಪ್ರಯೋಗಾಲಯದಿಂದ ಹೊರಟ ವರದಿ ಮೊದಲು ಅದರ ಹೊಟ್ಟೆಗೆ ಹೋಗಬೇಕು. ಅದು ಆ ವರದಿಯನ್ನು ಮನೆಮಾತಿಗೆ ತಿರುಗಿಸಿ, ರೋಗಿಗೆ ಯಾರ ಮೇಲೆ ಹೆಚ್ಚು ನಂಬಿಕೆಯೋ ಅವರ ಧ್ವನಿಯಲ್ಲಿ ಹೇಳುತ್ತಿತ್ತು. ತಾಯಿಯ ಧ್ವನಿ, ಗಂಡನ ಧ್ವನಿ, ಸತ್ತ ತಂಗಿಯ ಧ್ವನಿಯಾದರೂ ಸರಿ. ಜೊತೆಗೊಂದು ಕಾಯಿದೆಯೂ ಬಂತು: ಕೇಳಿದಷ್ಟಕ್ಕೇ ಚಿಕಿತ್ಸೆ. ರೋಗಿ ಯಾವ ಸುದ್ದಿಯನ್ನು ಕೇಳಿ ಒಪ್ಪಿಕೊಂಡರೋ ಅಷ್ಟಕ್ಕೆ ಮಾತ್ರ ಆಸ್ಪತ್ರೆ ಕೈಹಾಕಬೇಕು. ಒಪ್ಪಿದ ಮೇಲೆ, ಅವರಾಗಿಯೇ ಮತ್ತೆ ಬಂದು ಕೇಳುವ ತನಕ ಅದಕ್ಕಿಂತ ಕಹಿಯಾದದ್ದನ್ನು ಯಾರೂ ಹೇಳಕೂಡದು.

ಕಸ್ತೂರಿ ಅಬ್ಬಿಗೇರಿಗೆ ಈ ಕಾಯಿದೆ ಕಂಡರೆ ಆಗುತ್ತಿರಲಿಲ್ಲ. ಯಾಕೆಂದರೆ ವರದಿ ಹುಟ್ಟುವುದು ಅವಳ ಕೈಯಲ್ಲಿ. ಅವಳು ಸ್ತನದ ಗಂಟುಗಳ ಪ್ರಯೋಗಾಲಯದಲ್ಲಿ ತಂತ್ರಜ್ಞೆ. ಫಾರ್ಮಲಿನ್ ಡಬ್ಬಿಯಲ್ಲಿ ಬಂದ ತುಂಡನ್ನು ತೆಗೆದು, ಅಂಚಿಗೆ ಬಣ್ಣ ಹಚ್ಚಿ, ಈರುಳ್ಳಿ ಪೊರೆಗಿಂತ ತೆಳ್ಳಗೆ ಕೊಯ್ದು ಗಾಜಿನ ಮೇಲೆ ಕೂರಿಸುವವಳು ಅವಳೇ. ಆಮೇಲೆ ಡಾಕ್ಟರ್ ನಿರಂಜನಾ ಉಮಚಗಿ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಬರೆಯುತ್ತಿದ್ದರು. ಗಂಟು ಎಷ್ಟು ದೊಡ್ಡದು, ಎಷ್ಟು ಉಗ್ರ, ಕೊಯ್ದ ಅಂಚಿನ ತನಕ ಹಬ್ಬಿದೆಯೋ ಇಲ್ಲವೋ, ಯಾವ ಔಷಧಿಗೆ ಬಗ್ಗುತ್ತದೆ, ಎಲ್ಲವೂ ಅದರಲ್ಲಿ ಇರಬೇಕು. ಆ ವರದಿಯಲ್ಲಿ ಒಂದು ಸಾಲು ತಪ್ಪಿದರೆ ಸುಮ್ಮಸುಮ್ಮನೆ ಮೊಲೆ ಹೋಗುತ್ತದೆ. ಇನ್ನೊಂದು ಸಾಲು ತಪ್ಪಿದರೆ ಮೊಲೆ ಉಳಿದು ಹೆಂಗಸೇ ಹೋಗುತ್ತಾಳೆ. ದಿನವಿಡೀ ಗಂಟು ನೋಡಿ ನೋಡಿ ಉಮಚಗಿ ಮೇಡಂ ಅವರ ಮುಖವೂ ಗಂಟುಮುಖವಾಗಿದೆ ಎಂದು ಲ್ಯಾಬಿನಲ್ಲಿ ಮಾತು. ಮಾತು ಹುಟ್ಟಿಸಿದವನು ಮಹಾರುದ್ರ ಸವಡಿ.

ಹೆಸರು ಮಹಾರುದ್ರನಾದರೂ ರೌದ್ರ ಅವನ ಹೆಸರಿಗಷ್ಟೇ. ಉಳಿದದ್ದೆಲ್ಲ ಹಾಸ್ಯ, ಅದೂ ಬೇರೆಯವರ ಖರ್ಚಿನಲ್ಲಿ. ಎಲ್ಲರಿಗೂ ಅವನು ರುದ್ರಣ್ಣ. ಮೆಲುದನಿಗೆ ಧ್ವನಿ ಕಲಿಸುವುದು ಅವನ ಕೆಲಸ. ಮನೆಯವರ ಮಾತನ್ನು ಹಿಡಿದು ತಂದು ಯಂತ್ರಕ್ಕೆ ತುಂಬಿ, ಎಲ್ಲಿ ಕೆಮ್ಮಬೇಕು, ಎಲ್ಲಿ ನಿಟ್ಟುಸಿರು ಬಿಡಬೇಕು ಎಂದು ತಿದ್ದುವವನು. ಯಂತ್ರಕ್ಕಿಂತ ಅವನೇ ಚೆನ್ನಾಗಿ ಮಾಡುತ್ತಿದ್ದ ಅನ್ನಿ. ಮೇಡಂ ಧ್ವನಿಯಲ್ಲಿ ಅವನು ಹಿಂದಿನಿಂದ ‘ಏನ್ ನಡದೈತಿ ಇಲ್ಲಿ?’ ಎಂದರೆ ಸ್ವತಃ ಮೇಡಂ ಅವರೇ ಒಮ್ಮೆ ಬೆಚ್ಚಿ ಎದ್ದು ನಿಂತಿದ್ದರು.

ಅವನೊಂದು ನಿಯಮ ಮಾಡಿದ್ದ. ಲ್ಯಾಬಿನಲ್ಲಿ ಯಾರ ಮೇಲೆ ಕೀಟಲೆ ನಡೆಯಲಿ, ಸಿಕ್ಕಿಬಿದ್ದವರು ಎಲ್ಲರಿಗಿಂತ ಜೋರಾಗಿ ನಗಬೇಕು. ನಗದಿದ್ದರೆ ಎಲ್ಲರಿಗೂ ಮಂಡಕ್ಕಿಯ ಗಿರ್ಮಿಟ್ ತರಿಸಬೇಕು, ಮೇಲೆ ವರ್ಷಪೂರ್ತಿ ಅವರನ್ನೇ ಗೋಳುಹೊಯ್ದುಕೊಳ್ಳುವುದು. ಹೀಗಾಗಿ ಲ್ಯಾಬಿನ ಚಹಾ ಕೋಣೆಯಲ್ಲಿ ಎಲ್ಲರಿಗೂ ನಗುವುದು ಅಭ್ಯಾಸವಾಗಿತ್ತು.

ಮೆಲುದನಿಗೂ ನಗುವಿನ ನಿಯಮ ಹೇಳಿಕೊಟ್ಟವನು ಅವನೇ. ಅದಕ್ಕೆ ಕಾರಣವಾದವಳು ಸಾವಂತ್ರೆವ್ವ, ಬೆಟಗೇರಿಯಲ್ಲಿ ಮನೆಮನೆಗೆ ಬಳೆ ಮಾರುವ ಮುದುಕಿ. ಅವಳ ವರದಿ ಹೇಳುವ ದಿನ ಕಸ್ತೂರಿ ಮತ್ತು ರುದ್ರಣ್ಣ ಇಬ್ಬರೂ ಯಂತ್ರ ಹೊತ್ತುಕೊಂಡು ಅವಳ ಮನೆಗೇ ಹೋಗಿದ್ದರು. ಮಗ ಮುತುವರ್ಜಿಯಿಂದ ತೀರಿಹೋದ ಅಪ್ಪನ ಧ್ವನಿಯನ್ನೇ ಆರಿಸಿದ್ದ. ‘ಸಾವಂತ್ರಿ, ನಿನ್ನ ಎದಿಯೊಳಗ...’ ಎಂದು ಯಂತ್ರ ಬಾಯಿ ತೆರೆದದ್ದೇ ತಡ, ಮುದುಕಿ ಬಳೆಗಳೆಲ್ಲ ಗಲಗಲ ಅನ್ನುವಂತೆ ನಗತೊಡಗಿದಳು.

“ಜೀವ ಇದ್ದಾಗ ಒಂದಿನ ಹೆಸರ ಹಿಡದು ಕರೀಲಿಲ್ಲ ಆ ಮನಷ್ಯಾ. ಈಗ ಸತ್ತಮ್ಯಾಲೆ ಬಂದು ನನ್ನ ಎದಿ ಚಿಂತಿ ಮಾಡ್ತಾನ ನೋಡ್ ತಂಗಿ!” ಎಂದು ಕಸ್ತೂರಿಯ ಕೈ ಹಿಡಿದುಕೊಂಡು ನಕ್ಕಳು.

ಯಂತ್ರಕ್ಕೆ ಅಳು ಗೊತ್ತಿತ್ತು, ಮೌನ ಗೊತ್ತಿತ್ತು, ‘ಹೂಂ’ ಗೊತ್ತಿತ್ತು. ನಗು ಗೊತ್ತಿರಲಿಲ್ಲ. ಮತ್ತೆ ಮೊದಲಿನಿಂದ ಶುರುಮಾಡಿತು. ಮುದುಕಿ ಮತ್ತೆ ನಕ್ಕಳು. ಮಧ್ಯಾಹ್ನವೆಲ್ಲ ಹೀಗೇ ಕಳೆದು, ಹೊಟ್ಟೆ ಹಸಿದ ರುದ್ರಣ್ಣ ಕೂತಲ್ಲೇ ಯಂತ್ರಕ್ಕೆ ಹೊಸ ಪಾಠ ಹೇಳಿದ: ಕೇಳುವವರು ನಕ್ಕರೆ ಸುದ್ದಿ ಭಾರವಾಗಿದೆ ಎಂದು ತಿಳಿ, ಒಂದು ಮೆಟ್ಟಿಲು ಇಳಿಸಿ ಹೇಳು; ‘ಏನೂ ಇಲ್ಲ’ ಎನ್ನುವ ಕೊನೆಯ ಮೆಟ್ಟಿಲಿಗೆ ಬಂದರೆ ಅವರು ಹೂಂ ಎಂದರೆಂದೇ ಬರೆದುಕೋ. ಕ್ಯಾನ್ಸರ್ ಇದ್ದದ್ದು ಕೆಟ್ಟ ಗಂಟಾಯಿತು. ಕೆಟ್ಟ ಗಂಟು ಬರೀ ಗಂಟಾಯಿತು. ಗಂಟು ಬಾವಾಯಿತು. ಬಾವೆಂದಾಗ ಮುದುಕಿಗೆ ನಕ್ಕು ನಕ್ಕು ಸುಸ್ತಾಗಿತ್ತು, ‘ಹೂಂ’ ಎಂದಳು. ಕಾಯಿದೆ ಪ್ರಕಾರ ಬಾವು ಇಳಿಯುವ ಮಾತ್ರೆ ಬಂತು.

ದಸರೆ ಕಳೆದು ಯುಗಾದಿ ಹತ್ತಿರ ಬಂದಾಗ ಮುದುಕಿಯೂ ಬಂದಳು. ಗಂಟು ಒಡೆದು ಹುಣ್ಣಾಗಿತ್ತು, ಸೆರಗು ಎಷ್ಟು ಮಡಿಕೆ ಹೊದ್ದರೂ ವಾಸನೆ ನಿಲ್ಲುತ್ತಿರಲಿಲ್ಲ. ಸಾಲಿನಲ್ಲಿ ಅವಳ ಅಕ್ಕಪಕ್ಕದ ಕುರ್ಚಿಗಳು ಖಾಲಿಯಾದವು. ಮುದುಕಿ ಖಾಲಿ ಕುರ್ಚಿಯ ಮೇಲೆ ಬಳೆ ಚೀಲವಿಟ್ಟು ‘ಚಲೋ ಆತು, ಇದಕ್ಕೂ ಜಾಗ ಸಿಕ್ತು’ ಎಂದಳಂತೆ. ಮೇಡಂ ಅವತ್ತು ರುದ್ರಣ್ಣನನ್ನು ಎಲ್ಲರೆದುರು ನಿಲ್ಲಿಸಿ ಒಂದೇ ಮಾತು ಹೇಳಿದರು.

“ಗಂಟಿಗೆ ನಗು ತಿಳಿಯೂದಿಲ್ಲೊ, ಮಹಾರುದ್ರ.”

ಚಹಾದ ಹೊತ್ತಿಗೆ ರುದ್ರಣ್ಣ ಅದೇ ಮಾತನ್ನು, ಅದೇ ಧ್ವನಿಯಲ್ಲಿ, ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು ಹೇಳಿ ತೋರಿಸಿದ. ಎಲ್ಲರೂ ನಕ್ಕರು. ಪಾಠ ಮಾತ್ರ ಯಂತ್ರದಲ್ಲಿ ಹಾಗೇ ಉಳಿಯಿತು. ತೆಗೆಯಬೇಕೆಂದು ಮೇಡಂ ಬರೆದ ಪತ್ರಕ್ಕೆ ಆಡಳಿತದವರು ಉತ್ತರ ಕೊಟ್ಟರು: ಆ ಪಾಠ ಬಂದ ಮೇಲೆ ರೋಗಿಗಳು ನಗುನಗುತ್ತ ಹೋಗುತ್ತಿದ್ದಾರೆ, ಕಿಟಕಿ ಒಡೆಯುವುದು ಪೂರ್ತಿ ನಿಂತಿದೆ. ರುದ್ರಣ್ಣನಿಗೆ ಶಾಲು ಹೊದಿಸಿದರು.

ಕಸ್ತೂರಿ ಆಗಲೂ ನಕ್ಕಿದ್ದಳು. ಅವಳು ನಗದೆ ಇದ್ದದ್ದು ಒಳಗೆ, ಮತ್ತು ಅದಕ್ಕೆ ಬೇರೆ ಕಾರಣವಿತ್ತು.

ಅವಳ ತಾಯಿ ಪಾರವ್ವ ಹೋದದ್ದು ಇದೇ ರೋಗದಿಂದ, ಮೆಲುದನಿ ಬರುವ ಮೊದಲು. ಅಣ್ಣಂದಿರೆಲ್ಲ ಸೇರಿ ಅವ್ವನಿಗೆ ಹೇಳಬಾರದೆಂದು ಕಟ್ಟು ಮಾಡಿದ್ದರು. ಕಸ್ತೂರಿಯೂ ಬಾಯಿ ಮುಚ್ಚಿಕೊಂಡಿದ್ದಳು. ಅವ್ವನ ಧ್ವನಿ ಒಂದಿಷ್ಟು ಅವಳ ಫೋನಿನಲ್ಲಿ ಉಳಿದಿತ್ತು: ಮಜ್ಜಿಗೆ ಹುಳಿಯಾಗಿದೆ, ಬರುವಾಗ ಕೊತ್ತಂಬರಿ ತಾ, ಅಂಥವು. ರುದ್ರಣ್ಣ ಯಂತ್ರಕ್ಕೆ ಮುದುಕಿಯರ ಧ್ವನಿ ಸಾಲದು ಎಂದು ಹೇಳಿ ಅದನ್ನು ಇಸಿದುಕೊಂಡ. ಮರುದಿನ ಚಹಾದ ಹೊತ್ತಿಗೆ ಮೂಲೆಯ ಮೆಲುದನಿ ಪಾರವ್ವನ ಧ್ವನಿಯಲ್ಲಿ ಕೇಳಿತು:

“ಕಸ್ತೂರೀ, ಎಲ್ಲಾರಿಗೂ ವರದಿ ಕೊಡ್ತೀಯಲ್ಲ, ನನ್ನ ವರದಿ ಎಲ್ಲೈತಿ?”

ಕೋಣೆಯಲ್ಲಿ ನಗೆ ಸಿಡಿಯಿತು. ನಿಯಮದಂತೆ ಎಲ್ಲರಿಗಿಂತ ಜೋರಾಗಿ ನಕ್ಕವಳು ಕಸ್ತೂರಿ. ನಕ್ಕು, ಲೋಟ ತೊಳೆದಿಟ್ಟು, ಕೈಗವಸು ಹಾಕಿಕೊಂಡು ಮಧ್ಯಾಹ್ನದ ತುಂಡುಗಳನ್ನೆಲ್ಲ ಕೊಯ್ದು ಮುಗಿಸಿದಳು. ಅಂಚಿಗೆ ಹಚ್ಚಿದ ಬಣ್ಣ ಎಲ್ಲೂ ಕದಡಲಿಲ್ಲ.

ಹೀಗಿರುವಾಗ ರುದ್ರಣ್ಣನ ಎಡ ಎದೆಯಲ್ಲಿ ಒಂದು ಗಂಟು ಕಾಣಿಸಿಕೊಂಡಿತು.

ಬನಿಯನ್ ಬದಲಿಸುವಾಗ ಹೆಂಡತಿ ಸುವರ್ಣಾಳ ಕಣ್ಣಿಗೆ ಬಿದ್ದದ್ದು. ಅವನು ಬಂದು ಲ್ಯಾಬಿನಲ್ಲಿ ಸಾರಿದ, ಮದುವೆಯಲ್ಲಿ ಬಿದ್ದ ಗಂಟೇ ಇನ್ನೂ ಬಿಚ್ಚಿಲ್ಲ, ಈಗ ಇನ್ನೊಂದು ಎಂದು. ಸರ್ಜನ್ ಸೂಜಿ ಹಾಕಿ ತುಣುಕು ತೆಗೆದರು. ಗಂಡಸರಿಗೂ ಈ ರೋಗ ಬರುತ್ತದೆ, ಆದರೆ ಅಪರೂಪ. ಹತ್ತಾರು ವರ್ಷದಲ್ಲಿ ಕಸ್ತೂರಿ ನೋಡಿದ ಗಂಡಸರ ಗಂಟುಗಳೆಲ್ಲ ಬರೀ ಊತವೋ ಕೊಬ್ಬೋ ಆಗಿದ್ದವು. ಇದೂ ಹಾಗೇ ಎಂದು ಎಲ್ಲರಂತೆ ಅವಳೂ ತಿಳಿದಳು. ಡಬ್ಬಿಯ ಮೇಲಿನ ಅವನ ಹೆಸರು ಓದುತ್ತಿದ್ದಾಗ ಅವಳಿಗೆ ಒಂದು ಕೀಟಲೆಯ ಯೋಚನೆ ಬಂತು.

ಮೆಲುದನಿಯಲ್ಲಿ ತಾಲೀಮಿಗೆಂದು ಒಂದು ಬೇರೆ ಹಾದಿ ಇತ್ತು. ಅದರಲ್ಲಿ ಸುಳ್ಳು ವರದಿ ತುಂಬಿ ಧ್ವನಿ ಪರೀಕ್ಷೆ ಮಾಡುತ್ತಿದ್ದರು. ಅಲ್ಲಿ ಅವನಿಗೊಂದು ಕ್ಯಾನ್ಸರ್ ವರದಿ ಬರೆದು, ಹೆಂಡತಿಯ ಧ್ವನಿಯಲ್ಲಿ ಕೇಳಿಸಬೇಕು. ಒಂದೇ ಒಂದು ಸಲ ಅವನ ಮುಖದ ಬಣ್ಣ ಇಳಿಯುವುದನ್ನು ನೋಡಬೇಕು. ಆಮೇಲೆ ನಿಜವಾದ ವರದಿ ಕೊಟ್ಟು ನಕ್ಕರಾಯಿತು. ಲ್ಯಾಬಿನವರೆಲ್ಲ ಹೂಂಗುಟ್ಟಿದರು. ಮೇಡಂಗೆ ಮಾತ್ರ ಹೇಳಲಿಲ್ಲ.

ಸುವರ್ಣಾಳ ಧ್ವನಿಗಾಗಿ ಕಸ್ತೂರಿ ಅವರ ಮನೆಗೆ ಹೋದಳು. ರುದ್ರಣ್ಣ ಇಲ್ಲದ ಹೊತ್ತು. ಸುವರ್ಣಾ ರೊಟ್ಟಿ ಬಡಿಯುತ್ತಿದ್ದಳು. ವಿಷಯ ಕೇಳಿ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ಮದುವೆಯಾದ ಹೊಸದರಲ್ಲಿ ರುದ್ರಣ್ಣ ಅವಳ ಮಾವನ ಧ್ವನಿ ತೆಗೆದು ತವರಿಗೆ ಫೋನ್ ಮಾಡಿ, ಹುಡುಗಿ ನಮಗೆ ಬೇಡ ಕರೆದುಕೊಂಡು ಹೋಗಿ ಎಂದಿದ್ದನಂತೆ. ಅವಳ ಅಪ್ಪ ಎದೆ ಹಿಡಿದುಕೊಂಡು ಬಸ್ಸು ಹತ್ತಿ ಬಂದಿದ್ದರಂತೆ.

“ನಮ್ಮನಿಯವರಿಗೂ ಒಂದ್ಸಲ ಎದಿ ಝಲ್ ಅನ್ಲಿ ಬಿಡ್ರಿ ಕಸ್ತೂರಕ್ಕ. ಏನ್ ಹೇಳ್ಬೇಕು ಹೇಳ್ರಿ, ಹೇಳ್ತೀನಿ.”

ಕಸ್ತೂರಿ ಕೇಳಿದ್ದನ್ನೆಲ್ಲ ಸುವರ್ಣಾ ಹೇಳಿದಳು. ‘ರೀ, ಸ್ವಲ್ಪ ಕುಂದ್ರಿ’ ಎನ್ನುವುದನ್ನು ಎರಡು ಮೂರು ಬಗೆಯಲ್ಲಿ ಹೇಳಿ ತೋರಿಸಿದಳು. ಹಂಚಿನ ಮೇಲಿನ ರೊಟ್ಟಿ ಸೀದುಹೋಯಿತು.

ಕೀಟಲೆಗೆ ಗೊತ್ತುಮಾಡಿದ ದಿನ ಬೆಳಿಗ್ಗೆ ಮೇಡಂ ಕಸ್ತೂರಿಯನ್ನು ಒಳಗೆ ಕರೆದರು. ಇಬ್ಬರು ಒಟ್ಟಿಗೆ ನೋಡುವ ಸೂಕ್ಷ್ಮದರ್ಶಕ ಅದು. ಎದುರಿನ ಕಣ್ಣಿಗೆ ಕೂರಲು ಹೇಳಿದರು. ಕಸ್ತೂರಿ ಕಣ್ಣಿಟ್ಟಳು. ಗುಲಾಬಿ ಬಯಲಿನಲ್ಲಿ ನೇರಳೆ ಚುಕ್ಕೆಗಳು, ಸಾಲು ಬಿಟ್ಟು, ಗೋಡೆ ಹಾರಿ, ಕಂಡಕಂಡಲ್ಲಿ ನುಗ್ಗಿದ್ದವು. ಹೇಳಿಕೊಡಬೇಕಾದದ್ದೇನೂ ಇರಲಿಲ್ಲ.

“ಯಾರದು ಗೊತ್ತೈತೇನು?” ಎಂದರು ಮೇಡಂ.

ಅವಳೇ ಕೊಯ್ದದ್ದು. ಗೊತ್ತಿತ್ತು.

ಸಣ್ಣ ಗಂಟು, ಬೇಗ ಸಿಕ್ಕಿದೆ ಎಂದರು ಮೇಡಂ. ಔಷಧಿಗೆ ಬಗ್ಗುವ ಜಾತಿ. ಸೋಮವಾರ ಆಪರೇಶನ್ ಟೇಬಲ್ ಒಂದು ಖಾಲಿ ಇದೆ, ಈಗಲೇ ವರದಿ ಕಳಿಸಿದರೆ ಅವನಿಗೇ ಸಿಗುತ್ತದೆ, ತಡ ಮಾಡಿದರೆ ಸಾಲು ಬಹಳ ಉದ್ದ. ಆ ಹುಚ್ಚ ಬದುಕಿಕೊಳ್ಳುತ್ತಾನೆ. ಇಷ್ಟು ಹೇಳುವಾಗ ಅವರ ಗಂಟುಮುಖ ಕೊಂಚ ಸಡಿಲಿತ್ತು. ಇವತ್ತೇ ಕಳಿಸಬೇಡಿ ಎನ್ನಲು ಕಸ್ತೂರಿ ಬಾಯಿ ತೆರೆದಳು. ಯಾಕೆ ಎಂದು ಕೇಳಿದರೆ ಕೀಟಲೆಯ ಕಥೆ ಹೇಳಬೇಕು. ಅವಳು ಅದಕ್ಕೆ ಮಾತು ಹುಡುಕುತ್ತಿದ್ದಾಗ ಮೇಡಂ ಬೆರಳು ಗುಂಡಿಯ ಮೇಲೆ ಇಳಿದಿತ್ತು.

ಕಸ್ತೂರಿ ಓಡಿಹೋಗಿ ತಾಲೀಮಿನ ಹಾದಿಯಿಂದ ತನ್ನ ಸುಳ್ಳು ವರದಿಯನ್ನು ಅಳಿಸಿದಳು. ಅಳಿಸುವಾಗ ಒಮ್ಮೆ ಓದಿದಳು. ಮೇಡಂ ಬರೆದದ್ದಕ್ಕೂ ಅವಳು ಬರೆದದ್ದಕ್ಕೂ ಹೆಚ್ಚು ಅಂತರ ಇರಲಿಲ್ಲ. ಧ್ವನಿಯನ್ನು ತೆಗೆಯಲು ಆಗಲಿಲ್ಲ. ರುದ್ರಣ್ಣನ ಹೆಸರಿನಲ್ಲಿ ಮೆಲುದನಿಗೆ ಗೊತ್ತಿದ್ದ ನಂಬಿಕೆಯ ಧ್ವನಿ ಸುವರ್ಣಾಳದೊಂದೇ. ನಿಜವಾದ ವರದಿಗೂ ಅದನ್ನೇ ಹಿಡಿದುಕೊಂಡುಬಿಟ್ಟಿತ್ತು.

ಅವನಿಗೆ ಮೊದಲೇ ಹೇಳಿಬಿಡಬೇಕು ಎಂದು ಚಹಾ ಕೋಣೆಗೆ ಬಂದಳು. ನಡೆದು ಬಂದಳು, ಓಡಬಹುದಿತ್ತು. ಅದನ್ನು ಅವಳು ಆಮೇಲೆ ಎಷ್ಟೋ ಸಲ ನೆನೆದಳು. ಅವನು ಒಮ್ಮೆ ಕೇಳಲಿ, ಒಂದು ಗಳಿಗೆ ಬೆವರಲಿ ಎಂದು ಒಳಗೆ ಯಾರೋ ಅವಳ ಸೆರಗು ಹಿಡಿದು ಎಳೆಯುತ್ತಿದ್ದರು.

ಕೋಣೆ ತುಂಬಿತ್ತು. ಮೇಜಿನ ಮೇಲೆ ಗಿರ್ಮಿಟ್ಟಿನ ಪೊಟ್ಟಣಗಳು, ಮಿರ್ಚಿ. ತರಿಸಿದವನು ರುದ್ರಣ್ಣ. ಇಸ್ತ್ರಿ ಅಂಗಿ ಹಾಕಿಕೊಂಡು ಮದುಮಗನ ಹಾಗೆ ನಡುವಿನ ಕುರ್ಚಿಯಲ್ಲಿ ಕೂತಿದ್ದ.

“ಬರ್ರಿ ಕಸ್ತೂರಕ್ಕ, ನಿಮ್ಮದ ಹಾದಿ ಕಾಯಾಕತ್ತೇವಿ. ನಮ್ಮಾಕಿ ಹೊಟ್ಟ್ಯಾಗ ಮಾತ ನಿಲ್ತಾವೇನ್ರಿ? ನಿನ್ನೆ ಊಟಕ್ಕ ನೀಡೂ ಮುಂದ ನಕ್ಕು ನಕ್ಕು ಎಲ್ಲಾ ಹೇಳಿಬಿಟ್ಲು. ಹಚ್ರಿ ನಿಮ್ಮ ಯಂತ್ರ. ಕೇಳೂಣು ನನಗ ಎಂಥಾ ರೋಗ ಕೊಟ್ಟೀರಿ ಅಂತ.”

ಮೂಲೆಯ ಮೆಲುದನಿಯ ದೀಪ ತಾನಾಗಿಯೇ ಹೊತ್ತಿಕೊಂಡಿತು.

“ರೀ, ಸ್ವಲ್ಪ ಕುಂದ್ರಿ,” ಎಂದಿತು ಸುವರ್ಣಾಳ ಧ್ವನಿ. “ನಿಮ್ಮ ಎದಿಯೊಳಗಿನ ಗಂಟು ಕ್ಯಾನ್ಸರ್ ಐತ್ರಿ. ಬೇಗ ಸಿಕ್ಕೈತಿ, ವಾಸಿ ಆಗತೈತಿ. ಸೋಮವಾರ ಆಪರೇಶನ್ ಮಾಡ್ತಾರಂತ. ಹೂಂ ಅನ್ರಿ.”

ರುದ್ರಣ್ಣ ತೊಡೆ ತಟ್ಟಿಕೊಂಡು ನಕ್ಕ. ಕೋಣೆಗೆ ಕೋಣೆಯೇ ನಕ್ಕಿತು. ಕಸ್ತೂರಿ ಜನರ ನಡುವೆ ನುಗ್ಗಿದಳು.

“ರುದ್ರಣ್ಣ, ನಗಬ್ಯಾಡ್ರಿ. ಇದು ನಾ ಬರದದ್ದಲ್ಲ. ಖರೇ ವರದಿ ಇದು. ಹೂಂ ಅನ್ರಿ ಸಾಕು.”

“ಅಬ್ಬಬ್ಬಾ, ಕಣ್ಣಾಗ ನೀರು ಸೈತ ತಂದಾರ ನೋಡ್ರಿ,” ಎಂದು ಅವನು ಎಲ್ಲರಿಗೂ ತೋರಿಸಿ ಮತ್ತೆ ನಕ್ಕ.

“ಅಂಜಬ್ಯಾಡ್ರಿ,” ಎಂದಿತು ಧ್ವನಿ, ಮೊದಲಿಗಿಂತ ಮೆತ್ತಗೆ. “ಗಂಟು ಒಂದೀಟ ಕೆಟ್ಟದೈತಿ. ಮುಂದಿನ ತಿಂಗಳು ತೋರಿಸಿದ್ರಾತು.”

ಗೋಡೆಯ ಮೇಲೆ ಆಪರೇಶನ್ ಟೇಬಲ್‌ಗಳ ಪರದೆ ಇತ್ತು. ಸೋಮವಾರದ ಚೌಕದಲ್ಲಿ ಆಗಷ್ಟೇ ಮೂಡಿದ್ದ ಅವನ ಹೆಸರು ಅಳಿಸಿಹೋಗಿ ಯಾರೋ ಬೇರೆ ಹೆಂಗಸಿನ ಹೆಸರು ಬಂತು. ಕಸ್ತೂರಿ ಮೆಲುದನಿಯ ತಂತಿಯನ್ನು ಹಿಡಿದು ಕಿತ್ತಳು. ಯಂತ್ರ ಆರಿತು. ಆಮೇಲೆ ಅದೇ ಧ್ವನಿ ರುದ್ರಣ್ಣನ ಎಡಗಡೆಯ ಕಿಸೆಯಿಂದ, ಫೋನಿನೊಳಗಿಂದ, ಗಂಟಿನ ಮೇಲಿನಿಂದಲೇ ಮುಂದುವರಿಯಿತು. ಸುದ್ದಿ ನಡುವೆ ನಿಲ್ಲಬಾರದೆಂದು ಆ ಏರ್ಪಾಟು ಮಾಡಿದ್ದೂ ಅವನೇ.

“ಬರೀ ಗಂಟು ಐತ್ರಿ,” ಎಂದಿತು ಕಿಸೆ.

ಈ ಸಲದ ನಗೆಗೆ ಗಿರ್ಮಿಟ್ಟಿನ ಪೊಟ್ಟಣ ನೆಲಕ್ಕೆ ಬಿತ್ತು. ಸದ್ದು ಕೇಳಿ ಮೇಡಂ ಬಾಗಿಲಿಗೆ ಬಂದು ನಿಂತರು. ಪರದೆ ನೋಡಿದರು, ಕಸ್ತೂರಿಯ ಕೈಯಲ್ಲಿದ್ದ ತಂತಿ ನೋಡಿದರು. ಅವರಿಗೆ ಅರ್ಥವಾಗಲು ಹೊತ್ತು ಹಿಡಿಯಲಿಲ್ಲ. ಯಂತ್ರವಲ್ಲದೆ ಮನುಷ್ಯರು ಈ ಸುದ್ದಿ ಹೇಳಿದರೆ ಕೆಲಸ ಹೋಗುತ್ತದೆ ಎನ್ನುವುದೂ ಗೊತ್ತಿತ್ತು. ಆದರೂ ಹೇಳಿದರು.

“ಮಹಾರುದ್ರ, ನಗಬ್ಯಾಡೊ. ನಾನ ನೋಡೀನಿ. ಅದು ಕ್ಯಾನ್ಸರ್ ಐತಿ.”

ರುದ್ರಣ್ಣ ಎದ್ದು ನಿಂತ. ಇಲ್ಲದ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡ.

“ಮಹಾರುದ್ರ, ನಗಬ್ಯಾಡೊ,” ಎಂದ, ಅವರದೇ ಧ್ವನಿಯಲ್ಲಿ. “ನಾನ ನೋಡೀನಿ. ಅದು ಕ್ಯಾನ್ಸರ್ ಐತಿ.”

ಎಷ್ಟು ಕರಾರುವಾಕ್ಕಾಗಿ ಇತ್ತೆಂದರೆ ಎರಡರಲ್ಲಿ ಯಾವುದು ಅಸಲು, ಯಾವುದು ನಕಲು ಎಂದು ಹೇಳುವಂತಿರಲಿಲ್ಲ. ಜನ ಚಪ್ಪಾಳೆ ತಟ್ಟಿದರು. ಮೇಡಂ ಅವರನ್ನೂ ಆಟಕ್ಕೆ ಎಳೆದು ತಂದಿದ್ದಾರಲ್ಲ, ಕಸ್ತೂರಕ್ಕ ಭಾರಿ ಆಸಾಮಿ ಎಂದು ಯಾರೋ ಹೊಗಳಿದರು. ನಗೆಯ ಅಲೆ ಎದ್ದಿತು.

“ಬಾವು ಐತ್ರಿ,” ಎಂದಿತು ಕಿಸೆ. “ಮಾತ್ರಿ ತಗೊಂಡ್ರ ಹೋಗತೈತಿ.”

ಕಸ್ತೂರಿ ಅವನ ಎರಡೂ ತೋಳು ಹಿಡಿದುಕೊಂಡಳು. ಅವನು ಅವಳ ಮುಖವನ್ನು ಹತ್ತಿರದಿಂದ ನೋಡಿದ. ಒಂದು ಕ್ಷಣ ಅವನ ನಗು ತುಟಿಯ ಮೇಲೆ ಹಾಗೇ ನಿಂತಿತು, ಕಣ್ಣಿನಿಂದ ಕೆಳಗಿಳಿದಿತ್ತು. ಅಷ್ಟರಲ್ಲಿ ಹಿಂದಿನಿಂದ ಯಾರೋ ಕೂಗಿದರು, ರುದ್ರಣ್ಣ ಅಂಜಿದ, ರುದ್ರಣ್ಣ ನಗವಲ್ಲ, ನಾಳೆಯ ಗಿರ್ಮಿಟ್ಟೂ ಅವನದೇ ಎಂದು.

ಅವನು ಕೋಣೆಯನ್ನೊಮ್ಮೆ ನೋಡಿದ. ಎಲ್ಲರೂ ಅವನನ್ನೇ ನೋಡುತ್ತಿದ್ದರು, ಅವನು ಕಲಿಸಿದ ಹಾಗೆ, ಬಾಯಿ ಅರ್ಧ ತೆರೆದು, ಅವನು ಶುರುಮಾಡಲೆಂದು ಕಾಯುತ್ತಿದ್ದರು.

ಅವನು ತಲೆ ಹಿಂದಕ್ಕೆ ಹಾಕಿ ನಕ್ಕ.

“ಏನೂ ಇಲ್ರಿ,” ಎಂದಿತು ಸುವರ್ಣಾಳ ಧ್ವನಿ, ಅವನ ಎದೆಯ ಮೇಲಿನಿಂದ, ಮನೆಯಲ್ಲಿ ಕರೆಯುವಷ್ಟೇ ಮೆಲ್ಲಗೆ. “ಊಟಕ್ಕ ಬರ್ರಿ.”

ಕೋಣೆಯಲ್ಲಿ ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ರುದ್ರಣ್ಣ ನಕ್ಕ.